ಸಾಲಕ್ಕಿಂತ ಮೊದಲು ಲೆಕ್ಕ: ಹಿಂದುಳಿದ ತಾಲ್ಲೂಕುಗಳ ಸಣ್ಣ ವ್ಯಾಪಾರಿಗಳಿಗೆ ಸ್ವಯಂಸೇವಾ ಸಂಸ್ಥೆ ನೆರವಾಗುವ ಬಗೆ

ಬೆಳಗಿನ ಜಾವ 900 ರೂಪಾಯಿ ಪಡೆದು, ಸಂಜೆ ಗಾಡಿ ಮುಚ್ಚುವ ಹೊತ್ತಿಗೆ 1,000 ರೂಪಾಯಿ ಹಿಂದಿರುಗಿಸುವ ತರಕಾರಿ ವ್ಯಾಪಾರಿಗಳು ನಮ್ಮ ತಾಲ್ಲೂಕು ಕೇಂದ್ರಗಳ ಮಾರುಕಟ್ಟೆಗಳಲ್ಲಿ ಇಂದಿಗೂ ಇದ್ದಾರೆ. ತಿಂಗಳಿಗೆ 25 ದಿನ ಹೀಗೆ ನಡೆದರೆ ಬಡ್ಡಿಯೇ 2,500 ರೂಪಾಯಿಯಾಗುತ್ತದೆ, ಕೈಯಲ್ಲಿ ಓಡಾಡಿದ ಬಂಡವಾಳ ಮಾತ್ರ ಅದೇ 900 ರೂಪಾಯಿ. ಇದೇ ವ್ಯಾಪಾರಿಗೆ ಬ್ಯಾಂಕಿನಿಂದ 15,000 ರೂಪಾಯಿ ಸಾಲ ಶೇ 12ರ ಬಡ್ಡಿಗೆ ದೊರೆತು, ಅದನ್ನು 12 ತಿಂಗಳ ಕಂತಿನಲ್ಲಿ ತೀರಿಸಿದರೆ ಇಡೀ ವರ್ಷದ ಬಡ್ಡಿ ಸುಮಾರು 1,000 ರೂಪಾಯಿ. ಮೊದಲನೆಯ ಲೆಕ್ಕದಿಂದ ಎರಡನೆಯ ಲೆಕ್ಕಕ್ಕೆ ಆ ವ್ಯಾಪಾರಿಯನ್ನು ದಾಟಿಸುವುದೇ ಸ್ವಯಂಸೇವಾ ಸಂಸ್ಥೆಯೊಂದು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸವೆಂದು ನಾನು ನಂಬಿದ್ದೇನೆ.

ಆದರೆ ಬಹಳಷ್ಟು ಸಂಸ್ಥೆಗಳು ಈ ಕೆಲಸವನ್ನು ಕೊನೆಯಿಂದ ಆರಂಭಿಸುತ್ತವೆ. ಮೂರು ದಿನದ ತರಬೇತಿ ನಡೆಯುತ್ತದೆ, ಪ್ರಮಾಣಪತ್ರ ಹಂಚಲಾಗುತ್ತದೆ, ಹೊಲಿಗೆ ಯಂತ್ರ ಕೊಡಲಾಗುತ್ತದೆ, ಸಾಲದ ಅರ್ಜಿ ತುಂಬಿಸಲಾಗುತ್ತದೆ. ಆ ಮನೆಯವರ ವ್ಯಾಪಾರದಲ್ಲಿ ದಿನಕ್ಕೆ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಹಳೆಯ ಸಾಲ ಎಷ್ಟಿದೆ ಎಂಬುದನ್ನು ಯಾರೂ ಕೂತು ಕೇಳಿರುವುದಿಲ್ಲ. ಸಣ್ಣ ಸಂಘ, ಟ್ರಸ್ಟ್ ಅಥವಾ ಸ್ವಯಂಸೇವಕರ ಗುಂಪು ಕಟ್ಟಿಕೊಂಡು ಇಂಥ ವ್ಯಾಪಾರಿಗಳ ಜೊತೆ ಕೆಲಸ ಮಾಡಲು ಹೊರಟವರು ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಮಾಡಬೇಕೆಂಬುದನ್ನು ಈ ಬರಹದಲ್ಲಿ ವಿವರಿಸಿದ್ದೇನೆ. ಉದಾಹರಣೆಗಳನ್ನು ಹೆಚ್ಚಾಗಿ ಕಲ್ಯಾಣ ಕರ್ನಾಟಕದ ಕಡೆಯಿಂದ ತೆಗೆದುಕೊಂಡಿದ್ದೇನೆ. ಚಾಮರಾಜನಗರದಲ್ಲಾಗಲಿ ಮಲೆನಾಡಿನ ಒಳಭಾಗದಲ್ಲಾಗಲಿ ಕೆಲಸ ಮಾಡುವವರಿಗೂ ಕ್ರಮ ಬಹುಮಟ್ಟಿಗೆ ಇದೇ.

ಎಲ್ಲಿ, ಯಾರ ಜೊತೆ

ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಕೆಲಸದ ಜಾಗ ಆರಿಸಿಕೊಳ್ಳುವಾಗ ಆ ಪಟ್ಟಿ ಇಂದಿಗೂ ಒಳ್ಳೆಯ ಆರಂಭ. ಆದರೆ ತಾಲ್ಲೂಕು ಹಿಂದುಳಿದಿದೆ ಎಂದ ಮಾತ್ರಕ್ಕೆ ಅಲ್ಲಿನ ಎಲ್ಲ ವ್ಯಾಪಾರಿಗಳೂ ಒಂದೇ ಸ್ಥಿತಿಯಲ್ಲಿರುವುದಿಲ್ಲ. ಬಸ್ ನಿಲ್ದಾಣದ ಎದುರು ಮಳಿಗೆ ಇರುವವರಿಗೆ ಬ್ಯಾಂಕಿನ ಬಾಗಿಲು ತೆರೆದೇ ಇರುತ್ತದೆ. ಗೂಡಂಗಡಿಯವರು, ಸಂತೆಯಿಂದ ಸಂತೆಗೆ ತಿರುಗುವವರು, ಮನೆಯಲ್ಲೇ ರೊಟ್ಟಿ ಬಡಿಯುವ ಹೆಂಗಸರು, ಚಪ್ಪಲಿ ಹೊಲಿಯುವವರು, ಲಂಬಾಣಿ ಕಸೂತಿ ಮಾಡುವವರು, ಒಂಟಿ ಮಹಿಳೆಯರು, ಅಂಗವಿಕಲ ವ್ಯಾಪಾರಿಗಳು ಇಂಥವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಮೊದಲ ವರ್ಷಕ್ಕೆ ಒಂದು ಪಟ್ಟಣ ಮತ್ತು ಅದರ ಸುತ್ತಲಿನ ನಾಲ್ಕೈದು ಹಳ್ಳಿ ಸಾಕು. ಒಬ್ಬ ಕಾರ್ಯಕರ್ತೆ ಅಥವಾ ಕಾರ್ಯಕರ್ತನಿಗೆ 25ರಿಂದ 30 ವ್ಯಾಪಾರಿಗಳಿಗಿಂತ ಹೆಚ್ಚು ವಹಿಸಬಾರದು. 500 ಜನರಿಗೆ ತರಬೇತಿ ಎಂಬ ಗುರಿ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆಯಾದರೂ, ಅಷ್ಟು ಜನರ ಉದ್ರಿ ಪುಸ್ತಕವನ್ನು ತೆರೆದು ನೋಡಲು ಯಾರಿಂದಲೂ ಆಗುವುದಿಲ್ಲ. ಈಗಾಗಲೇ ಹೇಗೋ ನಡೆಯುತ್ತಿರುವ ವ್ಯಾಪಾರಗಳಿಂದಲೇ ಆರಂಭಿಸಬೇಕು. ಹೊಸದಾಗಿ ಏನಾದರೂ ಮಾಡಬೇಕೆಂದು ಬರುವವರನ್ನು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಕಳುಹಿಸುವುದು ಉತ್ತಮ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಈ ಕೇಂದ್ರಗಳು ಹುಟ್ಟಿಕೊಂಡವು. ಅಲ್ಲಿ ಊಟ ಮತ್ತು ವಸತಿಯ ಸಹಿತ ಉಚಿತ ತರಬೇತಿ ದೊರೆಯುತ್ತದೆ, ತರಬೇತಿಯ ನಂತರ ಎರಡು ವರ್ಷ ಜೊತೆ ನಿಲ್ಲುವ ವ್ಯವಸ್ಥೆಯೂ ಇದೆ. ಅವರು ಚೆನ್ನಾಗಿ ಮಾಡುವ ಕೆಲಸವನ್ನು ನೀವು ಮತ್ತೆ ಮಾಡಬೇಕಾಗಿಲ್ಲ.

ಮೊದಲ ಭೇಟಿಗೆ ಅರ್ಜಿ ನಮೂನೆ ಹಿಡಿದುಕೊಂಡು ಹೋಗಬೇಡಿ, ಅವರನ್ನು ನಿಮ್ಮ ಕಚೇರಿಗೆ ಕರೆಯಲೂ ಬೇಡಿ. ಗಿರಾಕಿ ಕಡಿಮೆ ಇರುವ ಹೊತ್ತು ನೋಡಿಕೊಂಡು ಅವರ ಅಂಗಡಿಗೇ ಹೋಗಿ, ಅರ್ಧ ದಿನ ಕೂತುಕೊಳ್ಳಿ. ಮಾಲು ಎಲ್ಲಿಂದ ಬರುತ್ತದೆ, ಯಾರು ಉದ್ರಿ ಬರೆಸುತ್ತಾರೆ, ಮಧ್ಯಾಹ್ನ ಯಾರು ಬಂದು ದುಡ್ಡು ವಸೂಲಿ ಮಾಡಿಕೊಂಡು ಹೋಗುತ್ತಾರೆ ಎಂಬುದೆಲ್ಲ ಕೇಳದೆಯೇ ತಿಳಿಯುತ್ತದೆ. ‘ಏನವ್ವ, ಎಷ್ಟು ಲಾಭ?’ ಎಂದು ಮೊದಲ ದಿನವೇ ಕೇಳಿದವರಿಗೆ ಯಾರೂ ನಿಜ ಹೇಳುವುದಿಲ್ಲ, ಹೇಳಬೇಕಾದ ಕಾರಣವೂ ಅವರಿಗಿಲ್ಲ.

ಮೂವತ್ತು ದಿನದ ಲೆಕ್ಕ

ನಂಬಿಕೆ ಬೆಳೆದ ಮೇಲೆ ಮಾಡಬೇಕಾದ ಮೊದಲ ಕೆಲಸವೆಂದರೆ 30 ದಿನಗಳ ಲೆಕ್ಕ ಬರೆಯಿಸುವುದು. ಇದಕ್ಕೆ ಮೊಬೈಲ್ ಆ್ಯಪ್ ಬೇಡ. ಉದ್ದನೆಯ ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಸಾಕು: ಬಂದದ್ದು, ವ್ಯಾಪಾರಕ್ಕೆ ಹೋದದ್ದು, ಮನೆಗೆ ತೆಗೆದದ್ದು, ಉದ್ರಿ ಉಳಿದದ್ದು. ಓದುಬರಹ ಬಾರದವರಿದ್ದರೆ ಮಗಳೋ ಸೊಸೆಯೋ ರಾತ್ರಿ ಬರೆಯಬಹುದು. ಯಾರೂ ಇಲ್ಲದಿದ್ದರೆ ನಾಲ್ಕು ಡಬ್ಬಿ ಇಟ್ಟು, ಕಾಳಿನಿಂದ ಎಣಿಸುವ ಪದ್ಧತಿಯೂ ನಡೆಯುತ್ತದೆ. ಕಾರ್ಯಕರ್ತರು ವಾರಕ್ಕೆ ಎರಡು ಸಲ ಹೋಗಿ ಪುಸ್ತಕ ನೋಡಬೇಕು. ಮೊದಲ ವಾರ ಅಂಕಿಗಳು ತಪ್ಪಾಗಿರುತ್ತವೆ, ಎರಡನೆಯ ವಾರ ಬಿಟ್ಟುಹೋಗಿರುತ್ತವೆ. ಮೂರನೆಯ ವಾರದಿಂದ ಅವು ಮಾತನಾಡತೊಡಗುತ್ತವೆ.

ಮನೆಯಲ್ಲಿ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವ ಇಬ್ಬರು ಹೆಂಗಸರ ಲೆಕ್ಕವನ್ನು ಒಂದು ಮಾದರಿಯಾಗಿ ನೋಡೋಣ. ದಿನಕ್ಕೆ 10 ಕಿಲೋ ಜೋಳ, ಕಿಲೋಗೆ 50 ರೂಪಾಯಿಯಂತೆ 500 ರೂಪಾಯಿ. ಕಿಲೋಗೆ 16 ರೊಟ್ಟಿಯಂತೆ 160 ರೊಟ್ಟಿಯಾಗುತ್ತವೆ, ಒಂದಕ್ಕೆ 7 ರೂಪಾಯಿಯಂತೆ 1,120 ರೂಪಾಯಿ ಬರುತ್ತದೆ. ಇವರನ್ನು ಕೇಳಿದರೆ ‘ದಿನಕ್ಕೆ ಆರುನೂರರ ಮೇಲೆ ಉಳಿಯುತ್ತದೆ’ ಎನ್ನುತ್ತಾರೆ, ಏಕೆಂದರೆ ಅವರ ಮನಸ್ಸಿನಲ್ಲಿ ಖರ್ಚೆಂದರೆ ಜೋಳ ಮಾತ್ರ. ಗಿರಣಿಗೆ 50 ರೂಪಾಯಿ, ಕಟ್ಟಿಗೆ ಅಥವಾ ಗ್ಯಾಸಿಗೆ 120, ಕವರಿಗೆ 30 ಎಂದು ಬರೆದರೆ ಖರ್ಚು 700 ರೂಪಾಯಿ ಮುಟ್ಟುತ್ತದೆ. ಮುರಿದು ಮಾರಾಟವಾಗದ 10 ರೊಟ್ಟಿಯನ್ನು ಕಳೆದರೆ ಬರುವುದು 1,050. ಉಳಿಯುವುದು 350 ರೂಪಾಯಿ. ಇಬ್ಬರೂ ಆರಾರು ಗಂಟೆ ಒಲೆಯ ಮುಂದೆ ಕೂತಿರುತ್ತಾರೆ, ಅಂದರೆ ಗಂಟೆಗೆ ತಲಾ 30 ರೂಪಾಯಿಯೂ ಬೀಳುವುದಿಲ್ಲ.

ಈ ಅಂಕಿಯನ್ನು ಅವರ ಮುಂದೆ ಇಡುವಾಗ ಬಹಳ ಎಚ್ಚರ ಬೇಕು. ‘ನಿಮಗೆ ಲೆಕ್ಕ ಬರುವುದಿಲ್ಲ’ ಎಂಬ ಧ್ವನಿ ಎಳ್ಳಷ್ಟೂ ಇರಬಾರದು, ಏಕೆಂದರೆ ಅದು ಸುಳ್ಳು. ಹಬ್ಬ, ಮದುವೆ, ಆಸ್ಪತ್ರೆ ಎಲ್ಲವನ್ನೂ ಅಷ್ಟೇ ದುಡ್ಡಿನಲ್ಲಿ ತೂಗಿಸಿದವರಿಗೆ ಲೆಕ್ಕ ಖಂಡಿತ ಬರುತ್ತದೆ. ಅವರ ಲೆಕ್ಕದಲ್ಲಿ ಸೇರದೇ ಇದ್ದದ್ದು ಅವರದೇ ದುಡಿಮೆಯ ಬೆಲೆ, ಅಷ್ಟೇ. ನಂತರ ಏನು ಮಾಡಬಹುದೆಂದು ಅವರನ್ನೇ ಕೇಳಬೇಕು. ರೊಟ್ಟಿಗೆ ಒಂದೇ ರೂಪಾಯಿ ಹೆಚ್ಚಿಸಿದರೆ 150 ರೊಟ್ಟಿಗೆ 150 ರೂಪಾಯಿ ಸೇರಿ, ಉಳಿಕೆ 350ರಿಂದ 500ಕ್ಕೆ ಏರುತ್ತದೆ. ಸುಗ್ಗಿಯಲ್ಲಿ ಜೋಳ ಅಗ್ಗವಾಗಿರುವಾಗ ನಾಲ್ಕು ಮನೆಯವರು ಸೇರಿ ಚೀಲಗಟ್ಟಲೆ ಕೊಂಡರೆ ಮತ್ತಷ್ಟು ಉಳಿಯುತ್ತದೆ. ಇವೆರಡಕ್ಕೂ ಸಾಲ ಬೇಕಾಗಿಲ್ಲ ಅಥವಾ ಬಹಳ ಸಣ್ಣ ಸಾಲ ಸಾಕು. ಲೆಕ್ಕ ನೋಡದೆ ಇವರಿಗೇ ಎರಡು ಲಕ್ಷದ ರೊಟ್ಟಿ ಯಂತ್ರ ಕೊಡಿಸಿದ್ದರೆ, ಗಂಟೆಗೆ 30 ರೂಪಾಯಿ ದುಡಿಯುವವರ ಹೆಗಲ ಮೇಲೆ ಪ್ರತಿ ತಿಂಗಳು ಕಂತಿನ ಭಾರವನ್ನೂ ಹೊರಿಸಿದಂತಾಗುತ್ತಿತ್ತು.

ಲೆಕ್ಕದ ಪುಸ್ತಕದಲ್ಲಿ ಮನೆಯ ವರಮಾನವನ್ನೂ ಪ್ರತ್ಯೇಕವಾಗಿ ಬರೆಯಿಸಿ. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಹಲವು ಮನೆಗಳಲ್ಲಿ ಸದ್ದಿಲ್ಲದೆ ವ್ಯಾಪಾರದ ಬಂಡವಾಳವಾಗುತ್ತದೆ. ಅದನ್ನು ಮಾರಾಟದ ಲಾಭವೆಂದು ಎಣಿಸಿದರೆ ಮುಂದಿನ ಲೆಕ್ಕವೆಲ್ಲ ದಾರಿ ತಪ್ಪುತ್ತದೆ.

ಹಳೆಯ ಸಾಲವನ್ನು ಬೆಳಕಿಗೆ ತರುವುದು

ಹೊಸ ಸಾಲದ ಮಾತು ಎತ್ತುವ ಮುನ್ನ ಹಳೆಯ ಸಾಲಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಬೇಕು: ಕೈಸಾಲ, ಚೀಟಿ, ಧರ್ಮಸ್ಥಳ ಸಂಘದ್ದೋ ಸ್ತ್ರೀಶಕ್ತಿ ಸಂಘದ್ದೋ ಕಂತು, ಮೈಕ್ರೋಫೈನಾನ್ಸ್ ಕಂಪನಿಗಳ ವಾರದ ಕಂತು, ಒತ್ತೆ ಇಟ್ಟ ಬಂಗಾರ, ಮೀಟರ್ ಬಡ್ಡಿ. ಗಂಡನಿಗೆ ಗೊತ್ತಿಲ್ಲದ ಸಾಲ ಹೆಂಡತಿಗೂ, ಹೆಂಡತಿಗೆ ಗೊತ್ತಿಲ್ಲದ ಸಾಲ ಗಂಡನಿಗೂ ಇರುವುದು ಸಾಮಾನ್ಯವಾದ್ದರಿಂದ ಈ ಮಾತುಕತೆಯನ್ನು ಪ್ರತ್ಯೇಕವಾಗಿ ನಡೆಸಿ. ಅಲ್ಲಿ ಕೇಳಿದ್ದನ್ನು ಇನ್ನೊಬ್ಬರ ಬಳಿ ಆಡಬೇಡಿ. ಒಬ್ಬ ಕಾರ್ಯಕರ್ತರ ಬಾಯಿಂದ ಒಂದು ಮಾತು ಹೊರಬಿದ್ದರೆ ಆ ಓಣಿಯಲ್ಲಿ ಸಂಸ್ಥೆಯ ಕೆಲಸ ಅಲ್ಲಿಗೇ ಮುಗಿಯಿತು.

ಜೊತೆಗೆ ಅವರ ಕ್ರೆಡಿಟ್ ವರದಿಯನ್ನು, ಅಂದರೆ ಯಾವ ಸಾಲ ಪಡೆದರು, ಹೇಗೆ ತೀರಿಸಿದರು ಎಂಬ ದಾಖಲೆಯನ್ನು ತೆಗೆಸಬೇಕು. ದೇಶದಲ್ಲಿ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಪ್ರತಿಯೊಂದು ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಬ್ಯಾಂಕಿನಲ್ಲಿ ಅರ್ಜಿ ತಿರಸ್ಕೃತವಾದ ಮೇಲೆ ಇದನ್ನು ನೋಡುವ ಬದಲು ಮೊದಲೇ ನೋಡಿದರೆ, ತೀರಿಸಿದ ಸಾಲ ಬಾಕಿ ಎಂದು ತೋರಿಸುತ್ತಿರುವುದು, ಗುಂಪಿನ ಸಾಲದಲ್ಲಿ ಬೇರೆಯವರ ತಪ್ಪು ಇವರ ಹೆಸರಿಗೆ ಅಂಟಿರುವುದು, ಇವರ ಆಧಾರ್ ಬಳಸಿ ಯಾರೋ ಸಾಲ ಎತ್ತಿರುವುದು ಬೆಳಕಿಗೆ ಬರುತ್ತದೆ. ತಪ್ಪಿದ್ದರೆ ಸಾಲ ಕೊಟ್ಟ ಸಂಸ್ಥೆಗೂ ಕ್ರೆಡಿಟ್ ಕಂಪನಿಗೂ ಬರೆದು ಸರಿಪಡಿಸಿಕೊಳ್ಳಬೇಕು. ಈ ಕೆಲಸಕ್ಕೆ ವಾರಗಳು ಹಿಡಿಯುತ್ತವೆ. ಆದ್ದರಿಂದಲೇ ಅದು ಕ್ರಮದಲ್ಲಿ ಮೊದಲು ಬರಬೇಕು.

ಮೈಕ್ರೋಫೈನಾನ್ಸ್ ಬಗ್ಗೆ ಎರಡು ನಿಯಮಗಳು ಕಾರ್ಯಕರ್ತರಿಗೆ ಬಾಯಿಪಾಠವಾಗಿರಬೇಕು. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ವಾರ್ಷಿಕ 3 ಲಕ್ಷ ರೂಪಾಯಿಯವರೆಗೆ ವರಮಾನವಿರುವ ಕುಟುಂಬಕ್ಕೆ ಕೊಡುವ ಅಡಮಾನರಹಿತ ಸಾಲ ಮೈಕ್ರೋಫೈನಾನ್ಸ್ ಸಾಲವೆನಿಸುತ್ತದೆ, ಮತ್ತು ಆ ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ವರಮಾನದ ಶೇ 50ನ್ನು ಮೀರಬಾರದು. ಎರಡನೆಯದು ನಮ್ಮ ರಾಜ್ಯದ್ದು: ಬಲವಂತದ ವಸೂಲಿಯಿಂದ ಊರು ಬಿಟ್ಟವರ, ಪ್ರಾಣ ಕಳೆದುಕೊಂಡವರ ಸುದ್ದಿಗಳು ಬಂದ ಬಳಿಕ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದು, ಸಾಲಗಾರರಿಗೆ ಕಿರುಕುಳ ಕೊಡುವವರಿಗೆ 10 ವರ್ಷದವರೆಗೆ ಜೈಲು ಮತ್ತು 5 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶ ಮಾಡಿತು. ಮನೆಯ ಮುಂದೆ ಕೂತು ಅವಮಾನಿಸುವವರ ವಿರುದ್ಧ ಪೊಲೀಸ್ ಠಾಣೆಗೆ ಹೋಗುವಾಗ ಸಂಸ್ಥೆಯವರು ಜೊತೆಗೆ ಹೋಗಬೇಕು. ಆದರೆ ನೋಂದಾಯಿತ ಬ್ಯಾಂಕ್ ಅಥವಾ ಕಂಪನಿಯಿಂದ ಪಡೆದ ಸಾಲ ಈ ಕಾನೂನಿನಿಂದ ಮನ್ನಾ ಆಗುತ್ತದೆ ಎಂಬ ತಪ್ಪು ಭರವಸೆಯನ್ನು ಯಾರಿಗೂ ಕೊಡಬಾರದು.

ಕಂತುಗಳು ಈಗಾಗಲೇ ವರಮಾನದ ಅರ್ಧ ದಾಟಿದ್ದರೆ, ಹೊಸ ಸಾಲ ಕೊಡಿಸದೇ ಇರುವುದೇ ನೀವು ಮಾಡುವ ಉಪಕಾರ. ಅಂಥವರ ಜೊತೆ ಮೊದಲು ಅತಿ ಹೆಚ್ಚು ಬಡ್ಡಿಯ ಸಾಲವನ್ನು ತೀರಿಸುವ ಆರು ತಿಂಗಳ ಯೋಜನೆ ಮಾಡಿ.

ಕಾಗದಪತ್ರ

ಇದು ಬೇಸರದ ಕೆಲಸವಾದರೂ ಕಷ್ಟದ್ದಲ್ಲ. ಸಣ್ಣ ಉದ್ಯಮಗಳನ್ನು ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿ ಸಂಪೂರ್ಣ ಉಚಿತ. ಸರ್ಕಾರದ ಜಾಲತಾಣವನ್ನೇ ಹೋಲುವ ಖಾಸಗಿ ತಾಣಗಳಲ್ಲಿ ಸಾವಿರಾರು ರೂಪಾಯಿ ಶುಲ್ಕ ಕಟ್ಟಿ ಮೋಸಹೋದವರಿರುವುದರಿಂದ, ಕಾರ್ಯಕರ್ತರೇ ಕೂತು ಮಾಡಿಸಬೇಕು. ಪ್ಯಾನ್ ಮತ್ತು ಜಿಎಸ್‌ಟಿ ಇಲ್ಲದ ಅತಿ ಸಣ್ಣ ವ್ಯಾಪಾರಿಗಳಿಗಾಗಿ 2023ರಿಂದ ಉದ್ಯಮ್ ಅಸಿಸ್ಟ್ ಎಂಬ ವೇದಿಕೆಯಿದೆ. ತಿನಿಸು ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿಯೊಳಗಿನ ಘಟಕಗಳಿಗೆ ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇದೆಯೇ ನೋಡಿ. ಆಧಾರ್, ಬ್ಯಾಂಕ್ ಪುಸ್ತಕ, ಮತದಾರರ ಚೀಟಿ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇದೆಯೇ ಎಂದು ಮೊದಲ ದಿನವೇ ಪರೀಕ್ಷಿಸಿ.

ಬೀದಿ ವ್ಯಾಪಾರಿಗಳ ವಿಷಯ ಮಾತ್ರ ಸ್ವಲ್ಪ ಬೇರೆ, ಏಕೆಂದರೆ ಅವರ ಮೊದಲ ಆಸ್ತಿ ಅವರು ನಿಲ್ಲುವ ಜಾಗ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಸಮೀಕ್ಷೆ ನಡೆಸಿ ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಸ್ಥಳಾಂತರಿಸುವುದಾದರೆ 30 ದಿನದ ನೋಟಿಸ್ ಕೊಡಬೇಕು. ಆ ಸಮಿತಿಯಲ್ಲಿ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳಿಂದಲೇ ಚುನಾಯಿತರಾಗಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು, ಮತ್ತು ಶೇ 10ರಷ್ಟು ಸ್ಥಾನ ಸ್ವಯಂಸೇವಾ ಹಾಗೂ ಸಮುದಾಯ ಸಂಸ್ಥೆಗಳಿಗೆ ಮೀಸಲು. ನಿಮ್ಮ ಪುರಸಭೆಯಲ್ಲಿ ಈ ಸಮಿತಿ ಸಭೆ ಸೇರಿ ಎಷ್ಟು ಕಾಲವಾಯಿತೆಂದು ವಿಚಾರಿಸಿ, ಸೇರದಿದ್ದರೆ ಲಿಖಿತವಾಗಿ ಕೇಳಿ. ಆ ಶೇ 10ರ ಕುರ್ಚಿ ಸಂಸ್ಥೆಗಳಿಗೆ ಸಿಕ್ಕ ಅಪರೂಪದ ಹಕ್ಕು. ಅದನ್ನು ಖಾಲಿ ಬಿಡುವುದು ನನಗೆ ಅತ್ಯಂತ ನೋವಿನ ಸಂಗತಿ.

ಯೋಜನೆಯ ಆಯ್ಕೆ ಮತ್ತು ಬ್ಯಾಂಕಿನ ಮೆಟ್ಟಿಲು

ಯೋಜನೆಗಳ ಹೆಸರು ಬಹಳ ಇವೆ. ಯಾವುದು ಯಾರಿಗೆ ಎಂಬುದನ್ನು ತಿಳಿದವರು ಕಡಿಮೆ. ಬೀದಿ ವ್ಯಾಪಾರಿಗಳಿಗೆ 2020ರಲ್ಲಿ ಬಂದ ಪಿಎಂ ಸ್ವನಿಧಿ ಸರಿಯಾದ ದಾರಿ. 2025ರ ಪರಿಷ್ಕರಣೆಯ ನಂತರ ಮೊದಲ ಸಾಲ 15,000, ಎರಡನೆಯದು 25,000, ಮೂರನೆಯದು 50,000 ರೂಪಾಯಿಯವರೆಗೆ ದೊರೆಯುತ್ತದೆ, ಸಕಾಲಕ್ಕೆ ಕಂತು ಕಟ್ಟಿದವರಿಗೆ ಶೇ 7ರಷ್ಟು ಬಡ್ಡಿ ಸಹಾಯಧನವಿದೆ. ಪ್ರಮಾಣಪತ್ರ ಇಲ್ಲದವರು ಸ್ಥಳೀಯ ಸಂಸ್ಥೆಯಿಂದ ಶಿಫಾರಸು ಪತ್ರ ಪಡೆದು ಅರ್ಜಿ ಹಾಕಬಹುದು.

ನಡೆಯುತ್ತಿರುವ ಅಂಗಡಿ, ಟೇಲರಿಂಗ್, ಪಂಕ್ಚರ್ ಅಂಗಡಿ, ಹಿಟ್ಟಿನ ಗಿರಣಿಗಳಿಗೆ ಮುದ್ರಾ ಸಾಲ ಹೊಂದುತ್ತದೆ: ಶಿಶು 50,000 ರೂಪಾಯಿಯವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ಉದ್ಯೋಗ ಸೃಷ್ಟಿಗೆ ಕೇಂದ್ರ ಸರ್ಕಾರ ತಂದ ಪಿಎಂಇಜಿಪಿ ಯೋಜನೆಯಲ್ಲಿ ಸಹಾಯಧನ ಶೇ 15ರಿಂದ 35ರವರೆಗೆ ಇರುವುದರಿಂದ ಎಲ್ಲರ ಕಣ್ಣೂ ಅದರ ಮೇಲೆಯೇ. ಆದರೆ ಶೇ 35ರವರೆಗಿನ ಆ ಸಹಾಯಧನ ಹೊಸ ಘಟಕಗಳಿಗೆ ಮಾತ್ರ. ಹತ್ತು ವರ್ಷದಿಂದ ನಡೆಯುತ್ತಿರುವ ಗಿರಣಿಯನ್ನು ಹೊಸದೆಂದು ತೋರಿಸಿ ಅರ್ಜಿ ಹಾಕಿಸುವ ದಲ್ಲಾಳಿಗಳಿದ್ದಾರೆ. ಸ್ಥಳ ತನಿಖೆಯಲ್ಲಿ ಸಿಕ್ಕಿಬಿದ್ದಾಗ ದಲ್ಲಾಳಿ ಮಾಯವಾಗಿ, ವ್ಯಾಪಾರಿಯ ಹೆಸರು ಮಾತ್ರ ಕೆಡುತ್ತದೆ. ಆಹಾರ ಸಂಸ್ಕರಣೆಗೆ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ 35ಕ್ಕೆ ಕರ್ನಾಟಕ ಸರ್ಕಾರ ಶೇ 15 ಸೇರಿಸಿ ಒಟ್ಟು ಶೇ 50 ಸಹಾಯಧನವನ್ನು ಗರಿಷ್ಠ 15 ಲಕ್ಷ ರೂಪಾಯಿಯವರೆಗೆ ಕೊಡುತ್ತ ಬಂದಿದೆ. ಯೋಜನಾ ವರದಿ ತಯಾರಿಸಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಉಚಿತವಾಗಿ ನೆರವಾಗುತ್ತಾರೆ. ಮಹಿಳೆಯರಿಗೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಿದೆ. 3 ಲಕ್ಷ ರೂಪಾಯಿಯವರೆಗಿನ ಸಾಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50, ಇತರರಿಗೆ ಶೇ 30 ಸಹಾಯಧನ. ಇಂಥ ಯೋಜನೆಗಳ ಅವಧಿ ಮತ್ತು ಷರತ್ತುಗಳು ಆಯವ್ಯಯದಿಂದ ಆಯವ್ಯಯಕ್ಕೆ ಬದಲಾಗುವುದರಿಂದ, ಅರ್ಜಿ ತುಂಬುವ ಮುನ್ನ ಸಂಬಂಧಪಟ್ಟ ಜಿಲ್ಲಾ ಕಚೇರಿಯಲ್ಲಿ ಆ ವರ್ಷದ ಆದೇಶವನ್ನು ಕೇಳಿ ಓದಿಕೊಳ್ಳಿ.

ಸಹಾಯಧನದ ಬಗ್ಗೆ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ಪಿಎಂಇಜಿಪಿಯಂಥ ಯೋಜನೆಗಳಲ್ಲಿ ಸಹಾಯಧನ ಕೈಗೆ ಬರುವ ನಗದಲ್ಲ. ಅದು ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂತು, ಘಟಕ ನಡೆಯುತ್ತಿದೆಯೆಂದು ಖಾತ್ರಿಯಾದ ಮೇಲೆ ಸಾಲಕ್ಕೆ ಹೊಂದಿಕೆಯಾಗುತ್ತದೆ. ಇದನ್ನು ತಿಳಿಯದವರು ಆ ದುಡ್ಡು ಬರುತ್ತದೆಂದು ನಂಬಿ ಕೈಸಾಲ ಮಾಡಿ, ಎರಡೂ ಕಡೆ ಸಿಕ್ಕಿಕೊಳ್ಳುತ್ತಾರೆ.

ಬ್ಯಾಂಕಿಗೆ ಹೋಗುವಾಗ ಅರ್ಜಿಗಿಂತ ಮೊದಲು 30 ದಿನದ ಲೆಕ್ಕದ ಪುಸ್ತಕವನ್ನು ಮೇಜಿನ ಮೇಲೆ ಇಡಿ. ಆರು ತಿಂಗಳಾಗಿದ್ದರೆ ಇನ್ನೂ ಒಳ್ಳೆಯದು. ವ್ಯವಸ್ಥಾಪಕರಿಗೂ ಅವರದೇ ಆತಂಕಗಳಿರುತ್ತವೆ: ಸಾಲ ಮರಳದಿದ್ದರೆ ಉತ್ತರ ಹೇಳಬೇಕಾದವರು ಅವರು. ದಿನದ ಮಾರಾಟ, ಖರ್ಚು, ಕಂತು ಕಟ್ಟಲು ಉಳಿಯುವ ಮೊತ್ತ ಇವು ವ್ಯಾಪಾರಿಯ ಕೈಬರಹದಲ್ಲೇ ಇದ್ದರೆ ಮಾತುಕತೆಯ ರೀತಿಯೇ ಬದಲಾಗುತ್ತದೆ. ಮಾತನ್ನು ವ್ಯಾಪಾರಿಯೇ ಆಡಬೇಕು. ಸಂಸ್ಥೆಯವರು ಪಕ್ಕದ ಕುರ್ಚಿಯಲ್ಲಿ ಕೂತಿರಬೇಕು. ಕೇಳಿದರೆ ಮಾತ್ರ ಬಾಯಿ ತೆರೆಯಬೇಕು. ಹಿಂದಿನ ದಿನ ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಿಸಿ: ‘ಸಾಹೇಬ್ರ, ನನಗೆ ಐವತ್ತು ಸಾವಿರ ಬೇಕಾಗೇದ. ಇದರಾಗ ಹೊಲಿಗಿ ಮಷಿನ್ ತಗೋತೀನಿ, ಉಳಿದಿದ್ದು ಬಟ್ಟಿಗೆ. ತಿಂಗಳಿಗೆ ಇಷ್ಟು ಕಟ್ಟಬಲ್ಲೆ, ಇಲ್ಲಿ ನೋಡ್ರಿ ಲೆಕ್ಕ.’ ಇಷ್ಟನ್ನು ತಮ್ಮ ಭಾಷೆಯಲ್ಲಿ ನಿಂತು ಹೇಳಿದವರು ಮುಂದಿನ ಸಲ ಒಬ್ಬರೇ ಹೋಗುತ್ತಾರೆ.

ಮೂರು ನಿಯಮಗಳನ್ನು ಕೈಯಲ್ಲಿಟ್ಟುಕೊಂಡು ಹೋಗಿ. ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ 20 ಲಕ್ಷ ರೂಪಾಯಿಯವರೆಗಿನ (2026ರ ಏಪ್ರಿಲ್‌ಗೆ ಮೊದಲು 10 ಲಕ್ಷ) ಸಾಲಕ್ಕೆ ಬ್ಯಾಂಕ್ ಅಡಮಾನ ಕೇಳುವಂತಿಲ್ಲ. ಅರ್ಜಿ ಪಡೆದದ್ದಕ್ಕೆ ಸ್ವೀಕೃತಿ ಕೊಡಬೇಕು. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಇವುಗಳನ್ನು ಜಗಳದ ಧಾಟಿಯಲ್ಲಿ ಹೇಳಬೇಕಾಗಿಲ್ಲ, ತಿಳಿದಿದೆ ಎಂಬುದು ಗೊತ್ತಾದರೆ ಸಾಕು. ಶಾಖೆಯಲ್ಲಿ ಬಗೆಹರಿಯದಿದ್ದರೆ ಜಿಲ್ಲೆಯ ಎಲ್ಲ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಬರೆಯಿರಿ. ಮೂರು ತಿಂಗಳಿಗೊಮ್ಮೆ ನಡೆಯುವ ಜಿಲ್ಲಾ ಮಟ್ಟದ ಬ್ಯಾಂಕರುಗಳ ಸಮಿತಿಯ ಸಭೆಗೆ ನಿಮ್ಮ ತಾಲ್ಲೂಕಿನ ಬಾಕಿ ಅರ್ಜಿಗಳ ಪಟ್ಟಿಯನ್ನು ಮುಂಚಿತವಾಗಿ ತಲುಪಿಸಿದರೆ, ಒಬ್ಬೊಬ್ಬರಾಗಿ ಹತ್ತು ಸಲ ಅಲೆಯುವುದು ತಪ್ಪುತ್ತದೆ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ಸಂಸ್ಥೆಯೇ ಸಾಲ ಕೊಡುವುದು ಬೇಡ

ಬ್ಯಾಂಕ್ ತಡಮಾಡಿದಾಗ ‘ನಾವೇ ಹತ್ತು ಸಾವಿರ ಕೊಟ್ಟುಬಿಡೋಣ’ ಎಂಬ ಆಸೆ ಬರುತ್ತದೆ. ನನ್ನ ಸ್ಪಷ್ಟ ಅಭಿಪ್ರಾಯವೆಂದರೆ, ಬೇಡ. ಬಡ್ಡಿಗೆ ಹಣ ಕೊಡುವುದಕ್ಕೆ ಕರ್ನಾಟಕದಲ್ಲಿ 1961ರ ಲೇವಾದೇವಿ ಕಾಯ್ದೆಯೂ, ರಿಸರ್ವ್ ಬ್ಯಾಂಕಿನ ನಿಯಮಗಳೂ ಇವೆ. ಅದಕ್ಕಿಂತ ಮುಖ್ಯವಾಗಿ, ಕಂತು ವಸೂಲಿಗೆ ಬರುವವರ ಮುಂದೆ ಯಾರೂ ತಮ್ಮ ಲೆಕ್ಕದ ಪುಸ್ತಕವನ್ನು ಬಿಚ್ಚುವುದಿಲ್ಲ. ತುರ್ತು ಹಣಕ್ಕೆ ದಾರಿ ಗುಂಪಿನ ಉಳಿತಾಯ. ಬೆಂಗಳೂರಿನಲ್ಲಿ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ 1980ರ ದಶಕದ ನಡುವೆ ಪರಸ್ಪರ ನಂಬಿಕೆಯಿರುವವರ ಸಣ್ಣ ಗುಂಪುಗಳನ್ನು ಬೆಳೆಸಿದ ಅನುಭವ, 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಕೈಗೊಳ್ಳುವುದಕ್ಕೆ ಬುನಾದಿಯಾಯಿತು. ಅಲ್ಲಿನ ಕ್ರಮವೂ ಮೊದಲು ಉಳಿತಾಯ, ಆಮೇಲೆ ಆ ಉಳಿತಾಯದಿಂದಲೇ ಸದಸ್ಯರಿಗೆ ಒಳಸಾಲ, ಕೊನೆಗೆ ಬ್ಯಾಂಕ್ ಎಂಬುದಾಗಿತ್ತು.

ಮಾರುಕಟ್ಟೆ, ಉದ್ರಿ, ಯುಪಿಐ

ಸಾಲ ಸಿಕ್ಕ ಮೇಲೆ ಸಂಸ್ಥೆಗಳು ಕೈತೊಳೆದುಕೊಳ್ಳುತ್ತವೆ. ನಿಜವಾದ ಜೊತೆ ಬೇಕಾಗುವುದು ಅಲ್ಲಿಂದ ಮುಂದೆ. ಕಲಬುರಗಿಯಲ್ಲಿ ಜಿಲ್ಲಾಡಳಿತದ ಬೆಂಬಲದಿಂದ ಸ್ವಸಹಾಯ ಗುಂಪುಗಳ ಮಹಿಳೆಯರು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ಮಾರಾಟಕ್ಕೆ ಇಳಿದದ್ದು ಗಮನಿಸಬೇಕಾದ ಪ್ರಯತ್ನ. ಒಬ್ಬೊಬ್ಬರೇ ಖಾನಾವಳಿಯವರು ಹೇಳಿದ ಬೆಲೆಗೆ ಕೊಡುತ್ತಿದ್ದವರು ಸೇರಿ ನಿಂತಾಗ ದೊಡ್ಡ ಆರ್ಡರು ಒಪ್ಪಿಕೊಳ್ಳಬಹುದು, ಗಾತ್ರ ಮತ್ತು ತೂಕ ಒಂದೇ ಇಡಬಹುದು, ಬೆಲೆಯನ್ನೂ ತಾವೇ ಹೇಳಬಹುದು. ನಿಮ್ಮ ಕಡೆ ರೊಟ್ಟಿಯ ಬದಲು ಶೇಂಗಾ ಹೋಳಿಗೆ ಇರಬಹುದು, ಕೌದಿ ಇರಬಹುದು. ಪೊಟ್ಟಣ ಮಾಡುವುದಾದರೆ ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಎಷ್ಟು ದಿನ ಬಾಳುತ್ತದೆ, ಬೆಲೆ, ವಿಳಾಸ, ಎಫ್‌ಎಸ್‌ಎಸ್‌ಎಐ ಸಂಖ್ಯೆ ಇವೆಲ್ಲ ಚೀಟಿಯ ಮೇಲಿರಬೇಕು. ಅಂದದ ಚೀಟಿಗೆ ದುಡ್ಡು ಸುರಿಯುವ ಮೊದಲು, ಆ ತಿನಿಸು ನಿಜಕ್ಕೂ ಎಷ್ಟು ದಿನ ಕೆಡದೆ ಉಳಿಯುತ್ತದೆಂದು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಇಟ್ಟು ನೋಡಿ.

ಉದ್ರಿಯಲ್ಲಿ ಎರಡು ಬಗೆ. ಓಣಿಯ ಗಿರಾಕಿಯ ಉದ್ರಿ ಸಂಬಂಧದ ಭಾಗ, ಅದನ್ನು ನಿಲ್ಲಿಸಿ ಎಂದು ಹೇಳುವುದು ಅವಿವೇಕ. ಇಷ್ಟರವರೆಗೆ ಎಂಬ ಮಿತಿ ಹಾಕಿಸಿದರೆ ಸಾಕು. ಹೋಟೆಲು, ಕ್ಯಾಂಟೀನು, ಕಂಪನಿಗಳು ಉಳಿಸಿಕೊಳ್ಳುವ ಬಾಕಿ ಬೇರೆ ಬಗೆಯದು. ಉದ್ಯಮ್ ನೋಂದಣಿ ಇರುವ ಉತ್ಪಾದಕರಿಗೆ ಮತ್ತು ಸೇವೆ ಕೊಡುವವರಿಗೆ, ಬರಹದ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಪಾವತಿಯಾಗಬೇಕು ಎಂದು 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೇಳಬಹುದು. ಆದ್ದರಿಂದ ಎಷ್ಟೇ ಪರಿಚಯದವರಿಗೆ ಕೊಟ್ಟರೂ ಬಿಲ್ಲು ಬರೆದು ಸಹಿ ಹಾಕಿಸಿಕೊಳ್ಳುವ ಅಭ್ಯಾಸ ಮಾಡಿಸಿ.

2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ರಾಜ್ಯದ ಹಲವು ಸಣ್ಣ ಅಂಗಡಿಗಳಲ್ಲಿ ಕ್ಯೂಆರ್ ಫಲಕಗಳು ಮಾಯವಾದವು. ಆ ಭಯ ಇನ್ನೂ ಹೋಗಿಲ್ಲ. ಇಲ್ಲಿ ಸಂಸ್ಥೆ ಹೇಳಬೇಕಾದದ್ದು ಸರಳ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದ ಮೇಲೆ ಮಾತ್ರ ಜಿಎಸ್‌ಟಿ ನೋಂದಣಿಯ ಪ್ರಶ್ನೆ ಬರುತ್ತದೆ. ತಾಜಾ ತರಕಾರಿ, ಹಣ್ಣುಗಳಿಗೆ ತೆರಿಗೆ ಇಲ್ಲ. ಚಪಾತಿ, ರೊಟ್ಟಿಗಳ ಮೇಲಿದ್ದ ತೆರಿಗೆಯೂ 2025ರ ಸೆಪ್ಟೆಂಬರ್ 22ರಿಂದ ಶೂನ್ಯವಾಗಿದೆ. ಯುಪಿಐ ಬಿಟ್ಟು ನಗದಿಗೆ ಮರಳಿದರೆ ಬ್ಯಾಂಕಿನ ಮುಂದೆ ತೋರಿಸಬಹುದಾದ ಪುರಾವೆಯೇ ಇಲ್ಲವಾಗುತ್ತದೆ. ಅದರ ಬದಲು ವ್ಯಾಪಾರಕ್ಕೊಂದು ಬೇರೆ ಖಾತೆ ತೆರೆಯಿಸಿ. ಅಕ್ಕ ಕಳಿಸಿದ ಹಣ, ಚೀಟಿಯ ಹಣ, ಮಗನ ಫೀಸು ಅದರಲ್ಲಿ ಬೆರೆಯದಂತೆ ನೋಡಿಕೊಳ್ಳಿ. ಯಾವ ಮಾಲನ್ನು ಎಷ್ಟಕ್ಕೆ ಕೊಂಡದ್ದು ಎಂಬ ಬಿಲ್ಲುಗಳನ್ನು ತಂತಿಗೆ ಪೋಣಿಸಿ ಇಟ್ಟರೂ ಆಯಿತು.

ಸಂಸ್ಥೆಯ ಖರ್ಚು ಮತ್ತು ಹಿಂದೆ ಸರಿಯುವ ಹೊತ್ತು

ಈ ಕೆಲಸಕ್ಕೆ ಕಟ್ಟಡ ಬೇಡ, ಕಾರ್ಯಕರ್ತರ ಸಂಬಳ ಬೇಕು. ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನಡಿ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕಿದ್ದು, ಜೀವನೋಪಾಯದ ಕೆಲಸ ಅದರಲ್ಲಿ ಸೇರುತ್ತದೆ; ಆ ಹಣ ಪಡೆಯಲು ಸಂಸ್ಥೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ಮತ್ತು ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿಗಳನ್ನು ಮಾಡಿಕೊಂಡಿರಬೇಕು. ದಾನಿಗಳು ಎಷ್ಟು ಜನರಿಗೆ ತರಬೇತಿ ಎಂದು ಕೇಳುತ್ತಾರೆ. ಅವರ ಮುಂದೆ ಬೇರೆ ಅಳತೆಗಳನ್ನಿಡಿ: ಎಷ್ಟು ಜನ ಆರು ತಿಂಗಳು ಬಿಡದೆ ಲೆಕ್ಕ ಬರೆದರು, ಎಷ್ಟು ಜನ ಮೀಟರ್ ಬಡ್ಡಿಯಿಂದ ಹೊರಬಂದರು, ಎಷ್ಟು ಜನ ಎರಡನೆಯ ಸಾಲವನ್ನು ತಾವೇ ಹೋಗಿ ತಂದರು. ಮೊದಲ ವರ್ಷ ಈ ಸಂಖ್ಯೆಗಳು ಚಿಕ್ಕದಾಗಿರುತ್ತವೆ, ಅದನ್ನು ಮುಚ್ಚಿಡದೆ ಹೇಳಿ.

ಒಬ್ಬ ವ್ಯಾಪಾರಿಯ ಜೊತೆ ಸುಮಾರು ಎರಡು ವರ್ಷ ಇರಬೇಕಾಗುತ್ತದೆ. ಮೊದಲ ಆರು ತಿಂಗಳು ವಾರವಾರದ ಭೇಟಿ, ಆಮೇಲೆ ತಿಂಗಳಿಗೊಂದು, ಕೊನೆಗೆ ಕರೆದಾಗ ಮಾತ್ರ. ಎರಡನೆಯ ಸಾಲದ ಅರ್ಜಿಯನ್ನು ಅವರೇ ತುಂಬಿ, ಅವರೇ ವ್ಯವಸ್ಥಾಪಕರ ಬಳಿ ಮಾತನಾಡಿ ಬಂದ ದಿನ ಹಿಂದೆ ಸರಿಯುವ ಹೊತ್ತು ಬಂದಿತೆಂದು ತಿಳಿಯಬೇಕು. ಆಗ ನಿಮ್ಮ ಕಚೇರಿಯಲ್ಲಿರುವ ಅವರ ಕಡತವನ್ನು, ನೋಂದಣಿ ಪತ್ರಗಳು, ಕ್ರೆಡಿಟ್ ವರದಿ, ಬ್ಯಾಂಕಿನ ಸ್ವೀಕೃತಿಗಳು ಮತ್ತು ಹಳೆಯ ಲೆಕ್ಕದ ಪುಸ್ತಕಗಳ ಸಮೇತ, ಒಂದು ಗಟ್ಟಿ ಚೀಲದಲ್ಲಿ ಹಾಕಿ ಅವರ ಅಂಗಡಿಗೇ ಹೋಗಿ ಒಪ್ಪಿಸಿ. ನಿಮ್ಮ ಬಳಿ ನಕಲು ಉಳಿಸಿಕೊಳ್ಳುವುದಾದರೆ ಅವರನ್ನು ಕೇಳಿ, ಒಪ್ಪಿದರೆ ಮಾತ್ರ ಉಳಿಸಿಕೊಳ್ಳಿ.